ಹಳ್ಳಿ ಠಾಣೆಗೆ ದುಡ್ಡು ಕೊಟ್ಟರೆ ಹೆದ್ದಾರಿಯಲ್ಲಿ ಸಾವು ಕಡಿಮೆಯಾಗುತ್ತದಾ?

ಪ್ರಶ್ನೆ: ನಮ್ಮ ಸ್ಥಳೀಯ ಆಡಳಿತದ ವ್ಯಾಪ್ತಿಯಲ್ಲಿ ಒಂದು ಉದ್ದನೆಯ ಹೆದ್ದಾರಿ ಹಾದುಹೋಗುತ್ತದೆ. ಅಪಘಾತ ಜಾಸ್ತಿ. ಠಾಣೆಯಲ್ಲಿ ಇರುವವರೇ ಕೆಲವು ಜನ. ಹೆದ್ದಾರಿ ಸುರಕ್ಷತೆಗೆಂದು ಗ್ರಾಮೀಣ ಪೊಲೀಸರಿಗೆ ಅನುದಾನ ಕೊಡುವ ಮಾತು ನಡೆದಿದೆ. ಹೊಸ ವಾಹನ, ಸ್ಪೀಡ್ ಗನ್ ಕೊಡಿಸೋಣ ಎಂದು ಕೆಲವರು ಹೇಳುತ್ತಾರೆ. ದಂಡದ ದುಡ್ಡನ್ನೇ ಠಾಣೆಗೆ ಬಿಟ್ಟುಕೊಟ್ಟರೆ ಸಾಕು, ಅನುದಾನವೇ ಬೇಡ ಎಂಬುದು ಇನ್ನು ಕೆಲವರ ವಾದ. ರಸ್ತೆ ಸರಿಮಾಡುವುದು ಬಿಟ್ಟು ಪೊಲೀಸರಿಗೆ ಯಾಕೆ ದುಡ್ಡು ಎಂದು ಕೇಳುವವರೂ ಇದ್ದಾರೆ. ಯಾರ ಮಾತು ಸರಿ?

ಉತ್ತರ: ಕಡಿಮೆಯಾಗುತ್ತದೆ. ಆದರೆ ಆ ದುಡ್ಡು ಪೊಲೀಸರು ರಸ್ತೆ ಮೇಲೆ ಕಳೆಯುವ ಗಂಟೆಗಳಾಗಿ ಬದಲಾಗಬೇಕು. ಠಾಣೆ ಮುಂದೆ ನಿಲ್ಲುವ ಹೊಸ ವಾಹನವಾಗಿ ಉಳಿದರೆ ಏನೂ ಆಗುವುದಿಲ್ಲ. ಇನ್ನು ದಂಡದ ದುಡ್ಡನ್ನೇ ಠಾಣೆಗೆ ಬಿಟ್ಟುಕೊಡುವ ಸಲಹೆ ಇದೆಯಲ್ಲ, ಮೂರರಲ್ಲಿ ಅದೇ ಅಪಾಯದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಪೊಲೀಸರಿಂದ ನಿಜವಾಗಿ ವ್ಯತ್ಯಾಸ ಆಗುತ್ತದಾ ಎಂಬುದನ್ನು ನೋಡೋಣ. ಇದನ್ನು ಅಳೆಯುವುದು ಸುಲಭವಲ್ಲ. ಅಪಘಾತ ಹೆಚ್ಚಿರುವ ಕಡೆಗೇ ಪೊಲೀಸರನ್ನೂ ಹೆಚ್ಚು ಹಾಕುತ್ತಾರೆ. ಹಾಗಾಗಿ ಲೆಕ್ಕ ನೋಡಿದರೆ ಪೊಲೀಸರು ಇದ್ದಲ್ಲೇ ಅಪಘಾತ ಜಾಸ್ತಿ ಎನ್ನುವ ಹಾಗೆ ಕಾಣುತ್ತದೆ. ಅದಕ್ಕೇ ಸಂಶೋಧಕರು ಬೇರೆ ಯಾವುದೋ ಕಾರಣಕ್ಕೆ ಪೊಲೀಸರ ಸಂಖ್ಯೆ ಏಕಾಏಕಿ ಬದಲಾದ ಸಂದರ್ಭಗಳನ್ನು ಹುಡುಕುತ್ತಾರೆ. ಅಂಥದ್ದೊಂದು ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಸಿಕ್ಕಿತು. 2003ರಲ್ಲಿ ಅಲ್ಲಿನ ಸರ್ಕಾರದ ಬಜೆಟ್ ಕುಸಿಯಿತು. ರಸ್ತೆ ಗಸ್ತಿನಲ್ಲಿದ್ದ ರಾಜ್ಯ ಪೊಲೀಸರಲ್ಲಿ ಶೇ 35ರಷ್ಟು ಮಂದಿಯನ್ನು ಒಂದೇ ಸಲಕ್ಕೆ ಕೆಲಸದಿಂದ ತೆಗೆದರು. ರಸ್ತೆಗಳು ಹೆಚ್ಚು ಅಪಾಯಕಾರಿಯಾಗಿವೆ ಅಂತಲ್ಲ, ಖಜಾನೆಯಲ್ಲಿ ದುಡ್ಡಿಲ್ಲ ಅಂತ. ಅರ್ಥಶಾಸ್ತ್ರಜ್ಞರಾದ ಗ್ರೆಗರಿ ಡಿಆಂಜೆಲೊ ಮತ್ತು ಬೆಂಜಮಿನ್ ಹ್ಯಾನ್ಸೆನ್ ಮುಂದೇನಾಯಿತು ಎಂದು ಲೆಕ್ಕ ಹಾಕಿದರು. ಗಾಯಾಳುಗಳೂ ಸಾವುಗಳೂ ಎದ್ದು ಕಾಣುವಷ್ಟು ಹೆಚ್ಚಿದ್ದವು.

ನಿಮಗೆ ಬೇಕಾದ ವಿಷಯ ಅದರ ಒಳವಿವರದಲ್ಲಿದೆ. ಪರಿಣಾಮ ಹೆಚ್ಚು ಕಂಡದ್ದು ಊರಿನ ಗಡಿ ದಾಟಿದ ಮೇಲಿನ ರಸ್ತೆಗಳಲ್ಲಿ. ಅದೂ ಹವೆ ಚೆನ್ನಾಗಿದ್ದ ದಿನಗಳಲ್ಲಿ. ಮಳೆಯಲ್ಲೋ ಹಿಮದಲ್ಲೋ ಚಾಲಕ ತಾನಾಗಿಯೇ ನಿಧಾನಿಸುತ್ತಾನೆ. ರಸ್ತೆ ಒಣಗಿ ಖಾಲಿ ಇದ್ದಾಗ ಅವನನ್ನು ತಡೆಯಲು ಬೇರೆಯವರು ಬೇಕು. ಪೊಲೀಸರಿಗೆ 3,09,000 ಡಾಲರ್ ಖರ್ಚು ಮಾಡಿದರೆ ಒಂದು ಸಾವನ್ನು ತಪ್ಪಿಸಬಹುದು ಎಂದು ಅವರು ಅಂದಾಜು ಮಾಡಿದರು. ಒಂದು ಜೀವದ ನಷ್ಟಕ್ಕೆ ಆ ದೇಶದ ಸರ್ಕಾರವೇ ಹಾಕುವ ಬೆಲೆ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ಊರಾಚೆ ರಸ್ತೆಗಳಲ್ಲಿ ಸಾವು ಜಾಸ್ತಿ ಆಗುವುದು ಎಲ್ಲ ಕಡೆಯ ಕಥೆ. ಅಮೆರಿಕದಲ್ಲಿ ಐದರಲ್ಲೊಬ್ಬ ಮಾತ್ರ ಗ್ರಾಮೀಣ ಪ್ರದೇಶದಲ್ಲಿದ್ದಾನೆ. ಆದರೂ ರಸ್ತೆ ಸಾವುಗಳಲ್ಲಿ ಸುಮಾರು ಶೇ 40 ಅಲ್ಲೇ ಆಗುತ್ತವೆ. ಭಾರತದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಸುಮಾರು ಮೂರನೇ ಎರಡು ಭಾಗ ಗ್ರಾಮೀಣ ಪ್ರದೇಶದಲ್ಲಿ. ದೇಶದ ಒಟ್ಟು ರಸ್ತೆ ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ಶೇ 2ರ ಆಸುಪಾಸು, ಸಾವಿನಲ್ಲಿ ಶೇ 36. ಕಾರಣ ಗೊತ್ತಿರುವುದೇ. ವೇಗ ಜಾಸ್ತಿ. ಡಿವೈಡರ್ ಇಲ್ಲದ ಕಡೆ ಮುಖಾಮುಖಿ ಡಿಕ್ಕಿ. ಬೆಲ್ಟ್, ಹೆಲ್ಮೆಟ್ ಹಾಕುವವರು ಕಡಿಮೆ. ಆಂಬುಲೆನ್ಸ್ ಬರುವುದು ತಡ.

ಇವುಗಳಲ್ಲಿ ಪೊಲೀಸರ ಕೈಗೆ ನೇರವಾಗಿ ಸಿಗುವುದು ವೇಗ. ಸ್ವೀಡನ್ನಿನ ಸಂಶೋಧಕ ಯೊರಾನ್ ನಿಲ್ಸನ್ ಬಹಳ ಹಿಂದೆಯೇ ಒಂದು ಲೆಕ್ಕ ಕೊಟ್ಟಿದ್ದರು. ಒಂದು ರಸ್ತೆಯ ಸರಾಸರಿ ವೇಗ ಬದಲಾದರೆ ಪ್ರಾಣಾಂತಿಕ ಅಪಘಾತಗಳು ಹೊಸ ವೇಗ ಮತ್ತು ಹಳೆಯ ವೇಗದ ಅನುಪಾತದ ನಾಲ್ಕನೇ ಘಾತದಷ್ಟು, ಅಂದರೆ ಆ ಅನುಪಾತವನ್ನು ನಾಲ್ಕು ಸಲ ಬರೆದು ಗುಣಿಸಿದಷ್ಟು, ಬದಲಾಗುತ್ತವೆ ಎಂದು. ಸರಾಸರಿ 80 ಕಿ.ಮೀ. ಇದ್ದದ್ದು 76ಕ್ಕೆ ಇಳಿಯಿತು ಅಂದುಕೊಳ್ಳಿ. ವೇಗದಲ್ಲಿ ಇಳಿದದ್ದು ಶೇ 5 ಅಷ್ಟೇ. ಪ್ರಾಣಾಂತಿಕ ಅಪಘಾತ ಇಳಿಯುವುದು ಶೇ 18-19ರಷ್ಟು. ಈ ಲೆಕ್ಕವನ್ನು ಆಮೇಲೆ ಬಂದವರು ಹಲವು ಸಲ ತಿದ್ದಿದ್ದಾರೆ, ಮುಖ್ಯ ಮಾತು ಮಾತ್ರ ಬಿದ್ದುಹೋಗಿಲ್ಲ. ಹಾಗಾಗಿ ನೂರೈವತ್ತರಲ್ಲಿ ಹಾರುವ ನಾಲ್ಕು ಜನರನ್ನು ಬೆನ್ನಟ್ಟಿ ಹಿಡಿಯುವುದೇ ಪೊಲೀಸರ ಕೆಲಸ ಅಂದುಕೊಳ್ಳಬೇಡಿ. ಎಲ್ಲರ ವೇಗವೂ ಮೂರ್ನಾಲ್ಕು ಕಿ.ಮೀ. ಇಳಿದರೆ ಸಾಕು.

ಅದು ಹೇಗೆ ಇಳಿಯುತ್ತದೆ? ಚಾಲಕನನ್ನು ಹೆದರಿಸುವುದು ದಂಡದ ಮೊತ್ತ ಅನ್ನುವುದಕ್ಕಿಂತ ಸಿಕ್ಕಿಬೀಳುವ ಸಾಧ್ಯತೆ. ಎಷ್ಟೇ ದೊಡ್ಡ ದಂಡ ಇಟ್ಟರೂ, ಈ ರಸ್ತೆಯಲ್ಲಿ ಯಾರೂ ಹಿಡಿಯುವುದಿಲ್ಲ ಎಂದು ಗೊತ್ತಿದ್ದರೆ ಅವನು ತಲೆ ಕೆಡಿಸಿಕೊಳ್ಳುವುದಿಲ್ಲ. ಇನ್ನೊಂದು ವಿಷಯ. ಪೊಲೀಸ್ ವಾಹನ ಕಂಡ ಕೂಡಲೇ ಎಲ್ಲರೂ ಬ್ರೇಕ್ ಒತ್ತುತ್ತಾರೆ. ಆ ಪರಿಣಾಮ ಕೆಲವೇ ಕಿಲೋಮೀಟರ್ ಉಳಿಯುತ್ತದೆ. ಆಮೇಲೆ ಕಾಲು ಮತ್ತೆ ಆಕ್ಸಿಲರೇಟರ್ ಮೇಲೆ. ಪೊಲೀಸರು ಹೊರಟುಹೋದ ಮೇಲೂ ಆ ಜಾಗದಲ್ಲಿ ಸ್ವಲ್ಪ ದಿನ ಜನ ಎಚ್ಚರದಿಂದಿರುತ್ತಾರೆ, ಅದೂ ಕರಗುತ್ತದೆ. ದಿನಾ ಅದೇ ಸೇತುವೆ ಪಕ್ಕ, ಅದೇ ಹತ್ತು ಗಂಟೆಗೆ ನಿಂತರೆ ಊರಿನವರಿಗೆಲ್ಲ ಗೊತ್ತಾಗಿಬಿಡುತ್ತದೆ, ಅಲ್ವಾ? ಅಲ್ಲಿ ಮಾತ್ರ ನಿಧಾನ, ಮುಂದೆ ಯಥಾಪ್ರಕಾರ.

ಕಡಿಮೆ ಜನರಿರುವ ಠಾಣೆಗಳಿಗೆ ಇದಕ್ಕೊಂದು ಒಳ್ಳೆಯ ಉಪಾಯವನ್ನು ಆಸ್ಟ್ರೇಲಿಯದಲ್ಲಿ ಕಂಡುಕೊಂಡರು. ನನ್ನ ಪ್ರಕಾರ ನಿಮ್ಮ ಪ್ರಶ್ನೆಗೆ ಇರುವ ಅತ್ಯಂತ ಉಪಯುಕ್ತ ಉದಾಹರಣೆ ಇದೇ. ಟಾಸ್ಮೇನಿಯದಲ್ಲಿ ಲಿಯೋನೆಲ್ ಲೆಗೆಟ್ ಎಂಬವರು ಡಿವೈಡರ್ ಇಲ್ಲದ ಗ್ರಾಮೀಣ ಹೆದ್ದಾರಿಗಳಲ್ಲಿ ಮೊದಲು ಪ್ರಯತ್ನಿಸಿ ನೋಡಿದರು. ರಸ್ತೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ಭಾಗ ಮಾಡಿದರು. ದಿನವನ್ನು ಎರಡೆರಡು ಗಂಟೆಯ ಪಾಳಿಗಳಾಗಿ ಒಡೆದರು. ಯಾವ ತುಂಡಿಗೆ ಯಾವ ಪಾಳಿಯಲ್ಲಿ ಹೋಗಬೇಕು ಎಂಬುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸಿದರು. ಗುರುತಿನ ಬಣ್ಣ ಬಳಿದ ಒಂದೇ ಒಂದು ವಾಹನ, ಎಲ್ಲರಿಗೂ ಕಾಣುವ ಹಾಗೆ ನಿಲ್ಲಬೇಕು. ಅಷ್ಟೇ. ಸರಾಸರಿ ವೇಗ 3.6 ಕಿ.ಮೀ. ಇಳಿಯಿತು. ಗಂಭೀರ ಅಪಘಾತಗಳೂ ಇಳಿದವು. ಆಮೇಲೆ ಇದನ್ನೇ ಕ್ವೀನ್ಸ್‌ಲೆಂಡ್ ರಾಜ್ಯ ದೊಡ್ಡ ಮಟ್ಟದಲ್ಲಿ ಜಾರಿಗೆ ತಂದಿತು. ಅಲ್ಲಿ ಪ್ರಾಣಾಂತಿಕ ಅಪಘಾತಗಳು ಶೇ 31ರಷ್ಟು ಇಳಿದವು ಎಂದು 2001ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು.

ಇದರಲ್ಲಿ ಹೊಸ ಯಂತ್ರ ಯಾವುದೂ ಇಲ್ಲ. ಹೆಚ್ಚುವರಿ ಜನರೂ ಬೇಕಾಗಲಿಲ್ಲ. ಇದ್ದ ಗಂಟೆಗಳನ್ನೇ ಯಾರಿಗೂ ಊಹೆಗೆ ಸಿಗದಂತೆ ಹಂಚಿದರು. ಪೊಲೀಸರಿಗೆ ಇದು ಮೊದಲು ಇಷ್ಟವಾಗುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಎಲ್ಲಿ ಕೇಸು ಜಾಸ್ತಿ ಸಿಗುತ್ತದೆ ಎಂಬುದು ಅವರಿಗೆ ಅನುಭವದಿಂದ ಗೊತ್ತಿರುತ್ತದೆ. ಖಾಲಿ ರಸ್ತೆಯಲ್ಲಿ ಎರಡು ಗಂಟೆ ಸುಮ್ನೆ ನಿಲ್ಲಿ ಎಂದರೆ ಸಮಯ ಹಾಳು ಅನ್ನಿಸುತ್ತದೆ. ಕೇಸಿನ ಲೆಕ್ಕ ಕೇಳುವ ಮೇಲಧಿಕಾರಿ ಇದ್ದರಂತೂ ಈ ಪದ್ಧತಿ ತಿಂಗಳೊಳಗೆ ಸತ್ತುಹೋಗುತ್ತದೆ.

ಈಗ ಗಂಟೆಯ ಲೆಕ್ಕಕ್ಕೆ ಬರೋಣ. ಅನುದಾನದ ಸಭೆಗಳಲ್ಲಿ ಎಲ್ಲರೂ ಎಡವುವುದು ಇಲ್ಲೇ. ವಾಹನ ಕೊಳ್ಳುವುದು ಸುಲಭ. ಉದ್ಘಾಟನೆ ಮಾಡಬಹುದು, ಫೋಟೊ ಬರುತ್ತದೆ. ಆದರೆ ವಾರಕ್ಕೆ 168 ಗಂಟೆ. ಒಬ್ಬ ಸಿಬ್ಬಂದಿ ವಾರಕ್ಕೆ 48 ಗಂಟೆ ದುಡಿದರೂ ಒಂದು ಸೀಟನ್ನು ಹಗಲು ರಾತ್ರಿ ತುಂಬಲು ಮೂರೂವರೆ ಜನ ಬೇಕು. ರಜೆ, ಕಾಯಿಲೆ, ತರಬೇತಿ, ಕೋರ್ಟಿಗೆ ಸಾಕ್ಷಿ ಹೇಳಲು ಹೋಗುವ ದಿನ ಎಲ್ಲ ಕಳೆದರೆ ಐದು ಜನ. ರಾತ್ರಿ ಹೆದ್ದಾರಿಯಲ್ಲಿ ಒಬ್ಬರನ್ನೇ ಕಳಿಸಬಾರದು, ಇಬ್ಬರು ಬೇಕು. ಅಲ್ಲಿಗೆ ಒಂದೇ ಗಸ್ತು ವಾಹನವನ್ನು ಇಪ್ಪತ್ತನಾಲ್ಕು ಗಂಟೆ ಓಡಿಸಲು ಹತ್ತು ಜನ. ನಿಮ್ಮ ಠಾಣೆಯಲ್ಲಿ ಒಟ್ಟು ಅಷ್ಟು ಜನ ಇದ್ದಾರಾ?

ಇಲ್ಲದಿದ್ದರೆ ಇಪ್ಪತ್ತನಾಲ್ಕು ಗಂಟೆಯ ಆಸೆ ಬಿಡಿ. ನಿಮ್ಮ ರಸ್ತೆಯಲ್ಲಿ ಸಾವುಗಳು ಯಾವ ಗಂಟೆಗಳಲ್ಲಿ ಆಗುತ್ತಿವೆ ನೋಡಿ. ಭಾರತದ ಅಂಕಿಗಳಲ್ಲಿ ಸಂಜೆ 6ರಿಂದ 9ರ ಮೂರು ಗಂಟೆಗಳಲ್ಲೇ ಅತಿ ಹೆಚ್ಚು ಅಪಘಾತ. ಬೇರೆ ಕಡೆ ವಾರಾಂತ್ಯದ ರಾತ್ರಿಗಳಿರಬಹುದು. ಆ ಗಂಟೆಗಳಿಗೆ ಓವರ್‌ಟೈಮ್ ಕೊಡಿ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಗಸ್ತು ತಿರುಗಿ, ಅಪಘಾತ ಶುರುವಾಗುವ ಹೊತ್ತಿಗೆ ಡ್ಯೂಟಿ ಮುಗಿಸುವ ಠಾಣೆಗಳು ಪ್ರಪಂಚದ ತುಂಬ ಇವೆ. ಗ್ರಾಮೀಣ ಠಾಣೆಯ ಇನ್ನೊಂದು ಕಷ್ಟವೂ ಇದೆ. ಕಳ್ಳತನ, ಜಗಳ, ಬಂದೋಬಸ್ತು ಏನೇ ಬಂದರೂ ಮೊದಲು ಕರೆ ಹೋಗುವುದು ಹೆದ್ದಾರಿಯಲ್ಲಿರುವ ವಾಹನಕ್ಕೆ. ಹೆದ್ದಾರಿ ದುಡ್ಡಿನಲ್ಲಿ ಕೊಂಡ ವಾಹನ ಮೂರು ತಿಂಗಳಲ್ಲಿ ಠಾಣೆಯ ಸಾಮಾನ್ಯ ವಾಹನವಾಗುತ್ತದೆ. ಅದಕ್ಕೆ ಯಾರನ್ನೂ ಬೈಯುವ ಹಾಗಿಲ್ಲ, ಇರುವುದೇ ಒಂದು ವಾಹನವಾದರೆ ಇನ್ನೇನು ಮಾಡುತ್ತಾರೆ. ಆದರೆ ಒಪ್ಪಂದದಲ್ಲೇ ಇದಕ್ಕೊಂದು ಮಿತಿ ಬರೆದಿರಬೇಕು.

ದಂಡದ ದುಡ್ಡನ್ನು ಠಾಣೆಗೇ ಬಿಡುವ ಮಾತಿಗೆ ಬರುತ್ತೇನೆ. ಮೇಲ್ನೋಟಕ್ಕೆ ಇದು ಚೆನ್ನಾಗಿದೆ. ತಪ್ಪು ಮಾಡುವವರೇ ಸುರಕ್ಷತೆಯ ಖರ್ಚು ಕೊಡಲಿ, ನ್ಯಾಯ ತಾನೇ? ತೊಂದರೆ ಏನೆಂದರೆ ಜನ ಸರಿಯಾಗಿ ಓಡಿಸತೊಡಗಿದರೆ ದುಡ್ಡು ನಿಲ್ಲುತ್ತದೆ. ಸಂಬಳ ದಂಡದಿಂದ ಬರುವಾಗ, ತಪ್ಪು ನಿಲ್ಲಬೇಕು ಎಂದು ಯಾವ ಠಾಣೆಗೂ ಅನ್ನಿಸುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಆಗುತ್ತದೆ.

ಇದು ಬರೀ ಊಹೆಯಲ್ಲ. ಅಮೆರಿಕದ ಮಿಸೌರಿ ರಾಜ್ಯದಲ್ಲಿ ಮ್ಯಾಕ್ಸ್ ಕ್ರೀಕ್ ಎಂಬ ಪುಟ್ಟ ಊರಿತ್ತು. ಊರಿನ ಆದಾಯದ ಬಹುಪಾಲು ಹೆದ್ದಾರಿಯಲ್ಲಿ ಹೋಗುವವರಿಗೆ ಹಾಕಿದ ವೇಗದ ದಂಡದಿಂದಲೇ ಬರುತ್ತಿತ್ತು. 1995ರಲ್ಲಿ ರಾಜ್ಯ ಒಂದು ಕಾನೂನು ತಂದು, ಸಂಚಾರ ದಂಡದಿಂದ ಊರುಗಳು ಎಷ್ಟು ಆದಾಯ ಇಟ್ಟುಕೊಳ್ಳಬಹುದು ಎಂಬುದಕ್ಕೆ ಮಿತಿ ಹಾಕಿತು. ಆ ಕಾನೂನಿಗೆ ಇವತ್ತಿಗೂ ಆ ಊರಿನದೇ ಹೆಸರು. ಫ್ಲಾರಿಡಾದ ಹ್ಯಾಂಪ್ಟನ್ ಇನ್ನೂ ಮುಂದೆ ಹೋಗಿತ್ತು. ಹೆದ್ದಾರಿ ಆ ಊರಿನ ಒಳಗೆ ಬರುತ್ತಲೇ ಇರಲಿಲ್ಲ. ಹೆದ್ದಾರಿಯ ಒಂದು ಸಣ್ಣ ತುಂಡನ್ನು ಊರಿನ ಗಡಿಗೆ ಸೇರಿಸಿಕೊಂಡು ದಂಡ ಹಾಕಲು ಕುಳಿತರು. 2014ರಲ್ಲಿ ಹಣದ ಅವ್ಯವಹಾರ ಹೊರಬಿದ್ದು ಊರಿನ ಆಡಳಿತವನ್ನೇ ರದ್ದು ಮಾಡುವ ಹಂತಕ್ಕೆ ಬಂದಿತ್ತು.

ಮ್ಯಾಸಚೂಸೆಟ್ಸ್ ರಾಜ್ಯದ ದಂಡದ ದಾಖಲೆಗಳನ್ನು ಅರ್ಥಶಾಸ್ತ್ರಜ್ಞರಾದ ಮೈಕೆಲ್ ಮಕೌಸ್ಕಿ ಮತ್ತು ಥಾಮಸ್ ಸ್ಟ್ರಾಟ್‌ಮನ್ ಪರಿಶೀಲಿಸಿದ್ದರು. ಹೊರ ಊರಿನ ಚಾಲಕರಿಗೆ ದಂಡ ಬೀಳುವ ಸಾಧ್ಯತೆ ಜಾಸ್ತಿ. ಊರಿನ ಹಣಕಾಸು ಬಿಗಿಯಾದಷ್ಟೂ ಅದು ಇನ್ನೂ ಜಾಸ್ತಿ. ಪ್ರಾಮಾಣಿಕವಾಗಿ ಹೇಳಬೇಕಾದರೆ ಅವರದೇ ಇನ್ನೊಂದು ಅಧ್ಯಯನ, ದಂಡ ಹೆಚ್ಚಾದಾಗ ಅಪಘಾತ ಕಡಿಮೆಯಾಯಿತು ಎಂದೂ ಹೇಳುತ್ತದೆ. ಅಂದರೆ ದಂಡ ಕೆಲಸ ಮಾಡುತ್ತದೆ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ದುಡ್ಡಿಗಾಗಿ ಹಾಕಿದ ದಂಡ ಎಂದು ಜನರಿಗೆ ಒಮ್ಮೆ ಅನ್ನಿಸಿದರೆ, ಆಮೇಲೆ ಪೊಲೀಸರು ಏನು ಮಾಡಿದರೂ ಸಂಶಯವೇ. ಬ್ರಿಟನ್‌ನಲ್ಲಿ 2000ದಿಂದ ವೇಗದ ಕ್ಯಾಮೆರಾಗಳ ಖರ್ಚನ್ನು ಅವುಗಳ ದಂಡದಿಂದಲೇ ತೆಗೆದುಕೊಳ್ಳಲು ಬಿಟ್ಟಿದ್ದರು. ಕ್ಯಾಮೆರಾಗಳಿಂದ ಅಪಘಾತ ಕಡಿಮೆಯಾಗಿದ್ದೂ ನಿಜ. ಆದರೂ ದುಡ್ಡು ಮಾಡುವ ಯಂತ್ರ ಎಂಬ ಹೆಸರು ಅಂಟಿತು. 2007ರಲ್ಲಿ ಆ ಏರ್ಪಾಡು ಕೈಬಿಟ್ಟು, ರಸ್ತೆ ಸುರಕ್ಷತೆಯ ಹಣವನ್ನು ಬೇರೆ ದಾರಿಯಲ್ಲಿ ಕೊಡತೊಡಗಿದರು.

ಹಾಗಾದರೆ ದುಡ್ಡು ಎಲ್ಲಿಂದ ಬರಬೇಕು? ರಸ್ತೆ ಬಳಸುವವರಿಂದಲೇ, ಆದರೆ ತಪ್ಪಿನ ಲೆಕ್ಕದಲ್ಲಲ್ಲ. ನ್ಯೂಜಿಲೆಂಡ್‌ನಲ್ಲಿ ಇಂಧನ ಸುಂಕ ಮತ್ತು ರಸ್ತೆ ಬಳಕೆ ಶುಲ್ಕದಿಂದ ತುಂಬುವ ಸಾರಿಗೆ ನಿಧಿಯೇ ಪೊಲೀಸರ ರಸ್ತೆ ಕೆಲಸಕ್ಕೆ ಹಣ ಕೊಡುತ್ತದೆ. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿ ವಾಹನ ನೋಂದಣಿಯ ಜತೆಗೆ ಕಟ್ಟುವ ಅಪಘಾತ ವಿಮೆಯ ಹಣವನ್ನು ಒಂದು ಸರ್ಕಾರಿ ಸಂಸ್ಥೆ ನೋಡಿಕೊಳ್ಳುತ್ತದೆ. ಅಪಘಾತ ಕಡಿಮೆಯಾದರೆ ಅದು ಕೊಡಬೇಕಾದ ಪರಿಹಾರವೂ ಕಡಿಮೆ. ಹಾಗಾಗಿ ಪೊಲೀಸರ ಉಪಕರಣಕ್ಕೆ ಅದು ಖುಷಿಯಿಂದ ದುಡ್ಡು ಹಾಕುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸಿದ ಏರ್ಪಾಡು ಇದೇ. ಅಮೆರಿಕದಲ್ಲಿ 1966ರ ಹೆದ್ದಾರಿ ಸುರಕ್ಷತಾ ಕಾಯ್ದೆಯ ಅಡಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಹಣ ಕೊಡುತ್ತದೆ. ಅದರಲ್ಲಿ ಕನಿಷ್ಠ ಶೇ 40 ಸ್ಥಳೀಯ ಆಡಳಿತಗಳ ಕೈ ಸೇರಬೇಕು ಎಂಬ ನಿಯಮ ಇದೆ. ಆ ನಿಯಮ ಇಲ್ಲದಿದ್ದರೆ ದುಡ್ಡೆಲ್ಲ ರಾಜಧಾನಿಯಲ್ಲೇ ಕರಗುತ್ತಿತ್ತೋ ಏನೋ.

ಉಪಕರಣಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಪೀಡ್ ಗನ್ ಬೇಕು, ಅದನ್ನು ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ಪಡೆಯುವ ಖರ್ಚನ್ನೂ ಸೇರಿಸಿ, ಇಲ್ಲದಿದ್ದರೆ ಕೋರ್ಟಿನಲ್ಲಿ ಕೇಸು ನಿಲ್ಲುವುದಿಲ್ಲ. ಉಸಿರಿನ ಪರೀಕ್ಷೆ ಯಂತ್ರ ಬೇಕೇಬೇಕು. ಕುಡಿದು ಓಡಿಸುವವರನ್ನು ಎಲ್ಲರಿಗೂ ಕಾಣುವಂತೆ ತಡೆದು ಪರೀಕ್ಷಿಸುವ ಪದ್ಧತಿಯಿಂದ ಸಾವು ಇಳಿಯುತ್ತದೆ ಎಂಬುದಕ್ಕೆ ಬೇಕಾದಷ್ಟು ಪುರಾವೆ ಇದೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 1982ರ ಡಿಸೆಂಬರ್‌ನಿಂದ ಯಾರನ್ನು ಬೇಕಾದರೂ ನಿಲ್ಲಿಸಿ ಪರೀಕ್ಷಿಸಲು ಶುರು ಮಾಡಿದ್ದು ಇದಕ್ಕೆ ಹೆಸರಾದ ಉದಾಹರಣೆ. ರಾತ್ರಿ ನಿಲ್ಲುವ ಸಿಬ್ಬಂದಿಗೆ ಹೊಳೆಯುವ ಜಾಕೆಟ್, ಕೋನ್, ದೀಪ ಮರೆಯಬೇಡಿ. ರಸ್ತೆ ಬದಿ ವಾಹನ ತಪಾಸಣೆ ಮಾಡುವಾಗ ಡಿಕ್ಕಿಯಾಗಿ ಸಾಯುವ ಪೊಲೀಸರು ಎಲ್ಲ ದೇಶಗಳಲ್ಲೂ ಇದ್ದಾರೆ. ಇನ್ನು ಜನರೇ ಸಾಲದು ಎನ್ನುವ ಕಡೆ ಸರಾಸರಿ ವೇಗ ಅಳೆಯುವ ಕ್ಯಾಮೆರಾ ಒಳ್ಳೆಯದು. ಒಂದು ಕಡೆ ಹಾದ ಸಮಯ, ಹತ್ತು ಕಿ.ಮೀ. ಆಚೆ ಹಾದ ಸಮಯ ನೋಡಿ ಲೆಕ್ಕ ಹಾಕುತ್ತದೆ. ಕ್ಯಾಮೆರಾ ಮುಂದೆ ಮಾತ್ರ ಬ್ರೇಕ್ ಒತ್ತುವ ಆಟ ನಡೆಯುವುದಿಲ್ಲ. ಬ್ರಿಟನ್‌ನಲ್ಲಿ ಇವನ್ನು ಹಾಕಿದ ಕಡೆ ಸಾವು ಮತ್ತು ಗಂಭೀರ ಗಾಯದ ಅಪಘಾತಗಳು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದವು ಎಂದು 2016ರ ಅಧ್ಯಯನ ಹೇಳಿತ್ತು. ಆದರೆ ಕ್ಯಾಮೆರಾ ಕುಡಿದವನನ್ನು ಕೆಳಗಿಳಿಸುವುದಿಲ್ಲ.

ರಸ್ತೆ ಸರಿಮಾಡಿ ಎನ್ನುವವರ ಮಾತಿನಲ್ಲೂ ಹುರುಳಿದೆ. ಸ್ವೀಡನ್‌ನಲ್ಲಿ 1998ರಿಂದ ಅಗಲವಾದ ಹಳೆಯ ಹೆದ್ದಾರಿಗಳನ್ನು ಮೂರು ಲೇನ್ ಮಾಡಿ, ನಡುವೆ ಉಕ್ಕಿನ ಹಗ್ಗದ ತಡೆ ಕಟ್ಟುತ್ತ ಬಂದರು. ಒಂದು ಕಡೆಗೆ ಎರಡು ಲೇನ್, ಇನ್ನೊಂದು ಕಡೆಗೆ ಒಂದು, ಸ್ವಲ್ಪ ದೂರದ ಮೇಲೆ ಅದಲು ಬದಲು. ಅಂಥ ರಸ್ತೆಗಳಲ್ಲಿ ಮುಖಾಮುಖಿ ಡಿಕ್ಕಿ ಹೆಚ್ಚುಕಡಿಮೆ ನಿಂತೇಹೋಯಿತು. ಯಾವ ಗಸ್ತಿಗೂ ಅಷ್ಟು ಶಕ್ತಿ ಇಲ್ಲ. ತಡೆಗೆ ರಜೆ ಬೇಡ, ಪಾಳಿ ಬೇಡ. ಹಾಗಾಗಿ ನಿಮ್ಮಲ್ಲಿ ಸಾವುಗಳೆಲ್ಲ ಒಂದೇ ತಿರುವಿನಲ್ಲೋ ಒಂದೇ ಕ್ರಾಸಿನಲ್ಲೋ ಆಗುತ್ತಿದ್ದರೆ ಮೊದಲ ದುಡ್ಡು ಅಲ್ಲಿಗೇ ಹೋಗಲಿ. ಅಲ್ಲಿ ಒಬ್ಬ ಕಾನ್‌ಸ್ಟೇಬಲ್‌ನನ್ನು ನಿಲ್ಲಿಸಿ ಸೀಟಿ ಊದಿಸುವುದು ಪರಿಹಾರವಲ್ಲ. ಸಾವುಗಳು ಉದ್ದಕ್ಕೂ ಹರಡಿಕೊಂಡಿದ್ದರೆ ಗಸ್ತು. ಇದು ಯಾವುದು ಎಂದು ಹೇಳಬಲ್ಲವರು ಪೊಲೀಸರೇ, ಅದೂ ಅವರು ಅಪಘಾತದ ಜಾಗವನ್ನು ಸರಿಯಾಗಿ ಬರೆದಿದ್ದರೆ. ಇಂಥ ಊರಿನ ಹತ್ತಿರ ಎಂದು ಬರೆದ ವರದಿ ಎಂಜಿನಿಯರ್‌ಗೆ ಉಪಯೋಗವಿಲ್ಲ. ಜಿಪಿಎಸ್ ಗುರುತು, ಹೊತ್ತು, ಡಿಕ್ಕಿಯ ಬಗೆ, ಬೆಲ್ಟ್ ಇತ್ತೋ ಇಲ್ಲವೋ, ಇಷ್ಟು ಬೇಕು. ಅನುದಾನದ ಒಂದು ಸಣ್ಣ ಪಾಲು ಇದರ ತರಬೇತಿಗೆ ಹೋದರೆ ಅದು ವ್ಯರ್ಥವಾಗುವುದಿಲ್ಲ.

ಪ್ರಥಮ ಚಿಕಿತ್ಸೆಯನ್ನು ಯಾಕೋ ಎಲ್ಲರೂ ಮರೆಯುತ್ತಾರೆ. ಊರಾಚೆ ಅಪಘಾತದ ಜಾಗಕ್ಕೆ ಮೊದಲು ತಲುಪುವುದು ಎಷ್ಟೋ ಸಲ ಪೊಲೀಸ್ ವಾಹನ. ರಕ್ತ ನಿಲ್ಲಿಸಲು, ಉಸಿರಾಟಕ್ಕೆ ದಾರಿ ಮಾಡಲು, ಕುತ್ತಿಗೆ ಅಲುಗಾಡದಂತೆ ಹಿಡಿಯಲು ಗೊತ್ತಿರುವ ಇಬ್ಬರು ಅದರಲ್ಲಿದ್ದರೆ ಕೆಲವರು ಬದುಕುತ್ತಾರೆ. ಪಂಜಾಬ್ ಸರ್ಕಾರ 2024ರ ಜನವರಿಯಲ್ಲಿ ಸಡಕ್ ಸುರಖ್ಯಾ ಫೋರ್ಸ್ ಎಂಬ ಪಡೆಯನ್ನು ಶುರು ಮಾಡಿದ್ದು ಇದೇ ಯೋಚನೆಯಿಂದ. 144 ವಾಹನ, ಒಂದೊಂದಕ್ಕೆ 30 ಕಿ.ಮೀ. ಹೆದ್ದಾರಿ, ವಾಹನದಲ್ಲೇ ಪ್ರಥಮ ಚಿಕಿತ್ಸೆಯ ಸಾಮಾನು. ಸಾವು ಬಹಳ ಇಳಿಯಿತು ಎಂದು ಆ ಸರ್ಕಾರ ಹೇಳಿಕೊಂಡಿದೆ.

ಇಂಥ ಹೇಳಿಕೆಗಳನ್ನು ಓದುವಾಗ, ನಾಳೆ ನಿಮ್ಮ ಠಾಣೆಯೂ ಹೀಗೇ ಹೇಳಿದಾಗ, ಸ್ವಲ್ಪ ತಡೆಯಿರಿ. ಸಾಮಾನ್ಯವಾಗಿ ಅನುದಾನ ಬರುವುದೇ ಒಂದು ಕೆಟ್ಟ ವರ್ಷದ ನಂತರ. ಸಾವು ವರ್ಷಕ್ಕೆ ಎಂಟರ ಆಸುಪಾಸು ಇದ್ದ ರಸ್ತೆಯಲ್ಲಿ ಒಂದು ವರ್ಷ ಹದಿನಾಲ್ಕು ಆಗಿರುತ್ತದೆ, ಗಲಾಟೆಯಾಗುತ್ತದೆ, ದುಡ್ಡು ಬರುತ್ತದೆ. ಮುಂದಿನ ವರ್ಷ ಯಾರೂ ಏನೂ ಮಾಡದಿದ್ದರೂ ಅದು ಎಂಟೊಂಬತ್ತಕ್ಕೆ ಇಳಿಯುವ ಸಾಧ್ಯತೆಯೇ ಜಾಸ್ತಿ. ಅದನ್ನು ಗಸ್ತಿನ ಸಾಧನೆ ಎಂದು ಬರೆದುಕೊಂಡರೆ ನಿಮಗೇ ಮೋಸ. ಅದಕ್ಕೆ ಹಿಂದಿನ ಐದು ವರ್ಷದ ಸರಾಸರಿ ಇಟ್ಟುಕೊಳ್ಳಿ, ಪಕ್ಕದಲ್ಲಿ ಅನುದಾನ ಸಿಗದ ಅಂಥದ್ದೇ ಒಂದು ರಸ್ತೆಯನ್ನೂ ನೋಡಿ. ಸಾವಿನ ಸಂಖ್ಯೆ ಚಿಕ್ಕದಿರುವ ಕಡೆ ಅದೊಂದನ್ನೇ ನಂಬಬೇಡಿ. ಸರಾಸರಿ ವೇಗ ಅಳೆಯಿರಿ, ಪೊಲೀಸರು ನಿಲ್ಲದ ಜಾಗಗಳಲ್ಲಿ, ಪೊಲೀಸರಿಗೆ ಹೇಳದೆ. ಬೆಲ್ಟ್ ಹಾಕಿದವರು, ಹೆಲ್ಮೆಟ್ ಹಾಕಿದವರು ಎಷ್ಟು ಎಂದು ರಸ್ತೆ ಬದಿ ನಿಂತು ಎಣಿಸಿದರೂ ಸಾಕು, ದೊಡ್ಡ ಖರ್ಚಿಲ್ಲ. ಎಷ್ಟು ಕೇಸು ಹಾಕಿದಿರಿ ಎಂದು ಮಾತ್ರ ಕೇಳಬೇಡಿ. ಕೇಳಿದರೆ ಕೇಸುಗಳೇ ಸಿಗುತ್ತವೆ.

ನಿಮ್ಮ ಸಭೆಯಲ್ಲಿ ನಾನಿದ್ದಿದ್ದರೆ ಒಂದು ವರ್ಷದ ದೊಡ್ಡ ಮೊತ್ತ ಬೇಡ, ಮೂರು ವರ್ಷದ ಸಣ್ಣ ಮೊತ್ತ ಕೊಡಿ ಎನ್ನುತ್ತಿದ್ದೆ. ಒಂದು ವರ್ಷದ ದುಡ್ಡಿನಲ್ಲಿ ಯಾರೂ ಜನರನ್ನು ನೇಮಿಸುವುದಿಲ್ಲ, ಸಾಮಾನು ಕೊಂಡು ಮುಗಿಸುತ್ತಾರೆ. ದುಡ್ಡಿನ ಹೆಚ್ಚು ಪಾಲು ಸಂಬಳ, ಓವರ್‌ಟೈಮ್, ಇಂಧನಕ್ಕೆ. ಪಾಳಿ ಪಟ್ಟಿ ಠಾಣೆಯ ಹೊರಗೆ ತಯಾರಾಗಬೇಕು, ಹೋಗಿ ನಿಂತದ್ದಕ್ಕೆ ವಾಹನದ ಜಿಪಿಎಸ್ ದಾಖಲೆ ಸಾಕ್ಷಿ. ತುರ್ತು ಕೆಲಸಕ್ಕೆ ವಾಹನ ಎಳೆದುಕೊಂಡರೆ ಆ ಗಂಟೆಗಳನ್ನು ಅದೇ ತಿಂಗಳು ತೀರಿಸಬೇಕು. ಎರಡನೇ ವರ್ಷದ ಕೊನೆಗೂ ಪೊಲೀಸರಿಲ್ಲದ ಜಾಗದಲ್ಲಿ ಸರಾಸರಿ ವೇಗ ಅಲುಗದಿದ್ದರೆ ಮೂರನೇ ವರ್ಷದ ಕಂತನ್ನು ಡಿವೈಡರ್‌ಗೋ ಕ್ಯಾಮೆರಾಕ್ಕೋ ತಿರುಗಿಸುವ ಹಕ್ಕು ನಿಮ್ಮಲ್ಲಿರಲಿ, ಅದನ್ನು ಮೊದಲ ದಿನವೇ ಠಾಣಾಧಿಕಾರಿಗೆ ಹೇಳಿ ಸಹಿ ಮಾಡಿಸಿಕೊಳ್ಳಿ.